ಹಗೇವು, ಹತ್ತಿ ಮತ್ತು ಸಾವುಕಾರನ ಕಾಗದ

(ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯ ಬೇಸಾಯ ಮತ್ತು ಸಾಲದ ಬಗ್ಗೆ ಗದಗಿನಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜಿಯ ಮನೆಯ ಅಂಗಳದಲ್ಲಿ ಒಂದು ದೊಡ್ಡ ಚಪ್ಪಡಿ ಕಲ್ಲು ಇತ್ತು. ನಾವು ಮಕ್ಕಳು ಅದರ ಮೇಲೆ ಕುಣಿದರೆ ಕೆಳಗಿನಿಂದ ಬೇರೆಯದೇ ಸದ್ದು ಬರುತ್ತಿತ್ತು, ಬರಿಕೊಡ ಬಡಿದ ಹಾಗೆ. "ಹಗೇವು ಐತಿ ಕೆಳಗ, ಕುಣೀಬ್ಯಾಡ್ರೋ" ಅಂತ ಅಜ್ಜಿ ಬೈಯುತ್ತಿದ್ದಳು.

ಹಗೇವು ಅಂದರೆ ಏನು ಅಂತ ಇಲ್ಲಿ ಕೂತ ಹಿರಿಯರಿಗೆ ಹೇಳಬೇಕಿಲ್ಲ. ಹುಡುಗರಿಗಾಗಿ ಹೇಳುತ್ತೇನೆ. ನೆಲದೊಳಗೆ ತೋಡಿದ ಕಾಳಿನ ಕಣಜ ಅದು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವಾಗ ತಕ್ಷಣ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಕಾಯಬೇಕು. ಹಗ್ಗ ಕಟ್ಟಿ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ.

ಇವತ್ತಿನ ನನ್ನ ಮಾತೆಲ್ಲ ಈ ಹಗೇವಿನ ಸುತ್ತಲೇ. ರೈತ ಸಾಲಕ್ಕೆ ಬಿದ್ದದ್ದು ಹೇಗೆ? ಆಗಿನ ಎಷ್ಟೋ ಅಧಿಕಾರಿಗಳ ಬಾಯಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರ ಇತ್ತು. ಮದುವೆ, ತಿಥಿ, ಜಾತ್ರೆ. ಸಾಲ ಮಾಡಿ ತುಪ್ಪ ತಿನ್ನುವ ಜನ ಇವರು ಅಂತ. ನನಗೆ ಅದು ಒಪ್ಪಿಗೆಯಿಲ್ಲ. ಬ್ರಿಟಿಷರು ಬರುವ ಮುಂಚೆಯೂ ನಮ್ಮಲ್ಲಿ ಮದುವೆಗಳು ಆಗುತ್ತಿದ್ದವು, ಅಲ್ವಾ? ಕೆಟ್ಟ ವರ್ಷಕ್ಕೆ ಅಂತ ಇಟ್ಟ ಗಂಟು ಅಂಗಳದ ಹಗೇವಿನಲ್ಲಿತ್ತು. ಅದು ನಿಧಾನವಾಗಿ ಸಾವುಕಾರನ ಪೆಟ್ಟಿಗೆ ಸೇರಿತು. ಹೇಗೆ ಸೇರಿತು ಅನ್ನುವುದನ್ನೇ ಹೇಳಲು ನೋಡುತ್ತೇನೆ.

ಮೊದಲು ಜಾಗದ ಮಾತು. ನಾನು ಹೇಳುವುದು ಹಳೇ ಧಾರವಾಡ ಜಿಲ್ಲೆಯ ಬಗ್ಗೆ. 1997ರಲ್ಲಿ ಗದಗ, ಹಾವೇರಿ ಬೇರೆಯಾಗುವ ಮುಂಚಿನ ಜಿಲ್ಲೆಯನ್ನು ನೆನಪಿಸಿಕೊಳ್ಳಿ. ಪೇಶ್ವೆಗಳ ಕೈಯಿಂದ 1817-18ರಲ್ಲಿ ಕಂಪನಿ ಸರ್ಕಾರಕ್ಕೆ ಬಂತು, ಆಮೇಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಪಡುವಣಕ್ಕೆ ಹಾನಗಲ್, ಕಲಘಟಗಿ ಕಡೆ ಮಲೆನಾಡಿನ ಸೆರಗು, ಭತ್ತ, ಕೆರೆ. ಮೂಡಣಕ್ಕೆ ನವಲಗುಂದ, ನರಗುಂದ, ರೋಣ, ಗದಗ. ಇದು ಬೆಳವಲ. ಮರ ಕಡಿಮೆ, ಕಣ್ಣು ಹಾಯುವಷ್ಟು ದೂರ ಎರೆ ಹೊಲ.

ಎರೆ ಮಣ್ಣಿನ ಗುಣ ನಿಮಗೆ ಗೊತ್ತು. ಒಂದು ಸಲ ಚೆನ್ನಾಗಿ ನೀರು ಕುಡಿಯಿತು ಅಂದರೆ ಆ ಹಸಿಯಲ್ಲೇ ಹಿಂಗಾರಿ ಬೆಳೆ ಬಂದುಬಿಡುತ್ತದೆ. ಜೋಳ, ಗೋಧಿ, ಕಡಲೆ, ಕುಸುಬೆ, ಹತ್ತಿ. ಕುಡಿಯಲಿಲ್ಲ ಅಂದರೆ ಹೊಲ ಬಿರುಕು ಬಿಟ್ಟು ಬಾಯಿ ತೆರೆಯುತ್ತದೆ. ಅಲ್ಲಿ ಬಾವಿ ತೋಡಿದರೆ ಎಷ್ಟೋ ಊರಲ್ಲಿ ಉಪ್ಪು ನೀರು. ಹಾಗಾಗಿ ಬೆಳವಲದ ಬೇಸಾಯ ಅಂದರೆ ಒಳ್ಳೆ ವರ್ಷ ಬೆಳೆದು ಕೆಟ್ಟ ವರ್ಷಕ್ಕೆ ಇಡುವ ಬೇಸಾಯ. ಹಗೇವು ತುಂಬಿದ್ದರೆ ಒಂದು ಮಳೆಗಾಲ ಕೈಕೊಟ್ಟರೂ ಮನೆ ನಡೆಯುತ್ತಿತ್ತು. ಹಾಗಂತ ಹಳೇ ಕಾಲ ಸುವರ್ಣಯುಗ ಅಂತ ಸುಮ್ನೆ ಹೇಳುವುದಿಲ್ಲ. 1791-92ರಲ್ಲಿ ಇದೇ ಸೀಮೆಯಲ್ಲಿ ಡೋಗಿ ಬರ ಬಂದಿತ್ತು. ತಲೆಬುರುಡೆಗಳ ಬರ. ಹೆಸರೇ ಎಲ್ಲ ಹೇಳುತ್ತದೆ. ಹಗೇವಿಗೂ ಒಂದು ಮಿತಿ ಇತ್ತು.

ಕಂಪನಿ ಸರ್ಕಾರದ ಮೊದಲ ಇಪ್ಪತ್ತೈದು ವರ್ಷ ಕಂದಾಯ ಬಹಳ ಭಾರವಾಗಿತ್ತು. ಕಾಳಿನ ಬೆಲೆ ಇಳಿದಿತ್ತು, ಕಂದಾಯ ಇಳಿದಿರಲಿಲ್ಲ. ಹೊಲಗಳು ಬೀಳು ಬಿದ್ದವು. ಆಗ ಬಂದದ್ದು ಸರ್ವೆ. ಪುಣೆಯ ಹತ್ತಿರದ ಇಂದಾಪುರದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನುವ ಬ್ರಿಟಿಷ್ ಅಧಿಕಾರಿಗಳು ಶುರು ಮಾಡಿದ ಪದ್ಧತಿ. 1840ರ ದಶಕದಲ್ಲಿ ನಮ್ಮ ಕಡೆಗೂ ಬಂತು. ಪ್ರತಿ ಹೊಲಕ್ಕೆ ಒಂದು ನಂಬರ್, ನಾಲ್ಕು ಮೂಲೆಗೆ ಕಲ್ಲು. ಮಣ್ಣಿನ ಬಣ್ಣ ನೋಡಿ, ಆಳ ನೋಡಿ, ಹದಿನಾರಾಣೆ ಭೂಮಿ, ಎಂಟಾಣೆ ಭೂಮಿ ಅಂತ ದರ್ಜೆ. ಇವತ್ತಿಗೂ ನಾವು ಸರ್ವೆ ನಂಬರ್ ಅನ್ನುತ್ತೇವಲ್ಲ, ಅದರ ಬೇರು ಅಲ್ಲಿದೆ.

ವಿಂಗೇಟ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಆತ ಕಂದಾಯ ಇಳಿಸಿದ, 30 ವರ್ಷ ಏರಿಸುವುದಿಲ್ಲ ಅಂತ ನಿಗದಿ ಮಾಡಿದ. ಬೀಳು ಹೊಲಗಳಿಗೆ ಮತ್ತೆ ಕುಂಟೆ, ಕೂರಿಗೆ ಬಂದವು. ಕಂದಾಯ ಕಟ್ಟುವವರೆಗೂ ಹೊಲ ರೈತನದೇ. ಮಕ್ಕಳಿಗೆ ಬಿಡಬಹುದು, ಮಾರಬಹುದು, ಗಹಾಣ (ಅಡವು) ಇಡಬಹುದು.

ಈ ಕೊನೇ ಎರಡು ಮಾತಿನಲ್ಲೇ ಗಂಟಿತ್ತು. ಕಂದಾಯ ಭಾರವಾಗಿದ್ದಾಗ ಹೊಲಕ್ಕೆ ಬೆಲೆಯೇ ಇರಲಿಲ್ಲ. ಬೆಲೆ ಇಲ್ಲದ ಹೊಲದ ಮೇಲೆ ಯಾವ ಸಾವುಕಾರ ಸಾಲ ಕೊಡುತ್ತಾನೆ? ಕಂದಾಯ ಇಳಿಯಿತು, ಹೊಲಕ್ಕೆ ಬೆಲೆ ಬಂತು, ಸಾಲ ಸಲೀಸಾಗಿ ಸಿಗತೊಡಗಿತು. ಅಂದರೆ ರೈತನ ಕೈ ಬಲವಾದ ಕಾಲದಲ್ಲೇ ಅವನು ಹೆಚ್ಚು ಸಾಲ ಪಡೆಯುವ ಹಾಗಾಯಿತು. ಇದನ್ನು ಓದಿದಾಗ ನನಗೇ ಮೊದಲು ನಂಬಿಕೆ ಬಂದಿರಲಿಲ್ಲ.

ಇನ್ನೊಂದು ವಿಷಯ ಕಿಸ್ತು, ಅಂದರೆ ಕಂದಾಯದ ಕಂತು. ಕಂದಾಯ ರೊಕ್ಕದಲ್ಲೇ ಕಟ್ಟಬೇಕು, ಗೊತ್ತಾದ ದಿನಕ್ಕೆ ಕಟ್ಟಬೇಕು. ಬೆಳವಲದ ಜೋಳ ಕಣಕ್ಕೆ ಬರುವುದು ಚಳಿ ಕಳೆಯುವ ಹೊತ್ತಿಗೆ. ಹತ್ತಿ ಬಿಡಿಸುವುದು ಇನ್ನೂ ತಡ, ಮಾರ್ಚ್ ಆಸುಪಾಸು. ಕಿಸ್ತಿನ ದಿನ ಬಂದಾಗ ಮಾಲು ಇನ್ನೂ ಪೇಟೆಗೆ ಹೋಗಿ ರೊಕ್ಕ ಆಗಿರುತ್ತಿರಲಿಲ್ಲ. ಗೌಡ, ಕುಲಕರ್ಣಿ ಚಾವಡಿಗೆ ಕರೆಯುತ್ತಿದ್ದರು. ಅವರ ಹಿಂದೆ ತಾಲೂಕಿನ ಅಧಿಕಾರಿ ಮಾಮಲೇದಾರ. ರೈತ ಎಲ್ಲಿಗೆ ಹೋಗಬೇಕು? ಸಾವುಕಾರನ ಕಟ್ಟೆಗೆ. ನಿಂತ ಬೆಳೆಯ ಮೇಲೆ ರೊಕ್ಕ ತಂದು ಕಟ್ಟುತ್ತಿದ್ದ. ಸಾಲ ಇಲ್ಲದವನು ಕೂಡ ಸುಗ್ಗಿಯಲ್ಲೇ ಕಾಳು ಮಾರಬೇಕಿತ್ತು. ಎಲ್ಲರೂ ಒಟ್ಟಿಗೆ ಮಾರಿದರೆ ಬೆಲೆ ಬೀಳುತ್ತದೆ. ಅದೇ ಕಾಳನ್ನು ಬಿತ್ತನೆ ಹೊತ್ತಿಗೆ ದುಬಾರಿಗೆ ತರಬೇಕು. ಮೊದಲು ಹಗೇವಿಗೆ ಸುರಿಯುತ್ತಿದ್ದ ಜೋಳದಲ್ಲಿ ಒಂದು ಪಾಲು ಹೀಗೆ ಚಕ್ಕಡಿ ಏರಿತು.

ಈಗ ಹತ್ತಿಗೆ ಬರೋಣ. ಹತ್ತಿ ನಮ್ಮಲ್ಲಿ ಹೊಸದಲ್ಲ. ಜವಾರಿ ಹತ್ತಿ ಬೆಳೆದು, ಘಟ್ಟ ಇಳಿಸಿ ಕುಮಟಾ ಬಂದರಿಗೆ ಒಯ್ಯುತ್ತಿದ್ದರು. ಹಾಗಾಗಿ ಮುಂಬಯಿ ವ್ಯಾಪಾರಿಗಳ ಬಾಯಲ್ಲಿ ಧಾರವಾಡದ ಹತ್ತಿಗೆ "ಕುಂಪ್ಟಾ" ಅಂತ ಹೆಸರು! ಬೆಳೆದವರು ನಾವು, ಹೆಸರು ಬಂದರಿನದು. 1840ರ ದಶಕದಲ್ಲಿ ಅಮೆರಿಕದ ಬೀಜ ಬಂತು. ಶಾ ಅನ್ನುವ ಕಲೆಕ್ಟರ್ ಇದರ ಬೆನ್ನು ಹತ್ತಿದ್ದ. ಮುಂಬಯಿ ಪ್ರಾಂತ್ಯದ ಬೇರೆ ಕಡೆಯೂ ಈ ಬೀಜ ಹಾಕಿ ನೋಡಿದರು, ನೆಲಕ್ಕೆ ಒಗ್ಗಿದ್ದು ಧಾರವಾಡದಲ್ಲಿ. "ಧಾರವಾಡ್ ಅಮೆರಿಕನ್" ಅಂತ ಪೇಟೆಯಲ್ಲಿ ಬೇರೆ ಹೆಸರೇ ಆಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಲ್ಲಿಂದ ಹತ್ತಿ ನಿಂತುಹೋಯಿತು. ಇಲ್ಲಿ ಬೆಲೆ ಮೂರು ಪಟ್ಟಿಗಿಂತ ಮೇಲೆ ಹಾರಿತು. ಲಿಂಕನ್ ಹೆಸರು ಕೇಳಿರದ ರೋಣದ ರೈತನ ಮನೆಗೆ ಬೆಳ್ಳಿ ರೂಪಾಯಿ ಬಂತು. ಗಿರಣಿ ಮಾಲೀಕರ ಒತ್ತಾಯಕ್ಕೆ ಕಾರವಾರ ಬಂದರು ಬೆಳೆಸುವ ಯೋಜನೆ ಬಂತು. ಅದಕ್ಕೋಸ್ಕರವೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಒಂದು ಬೆಳೆಗಾಗಿ ಜಿಲ್ಲೆಯ ಪ್ರಾಂತ್ಯವೇ ಬದಲಾಯಿತು ನೋಡಿ. ಮೋಸವೂ ಜೊತೆಗೇ ಬಂತು. ಒಳ್ಳೆ ಹತ್ತಿಗೆ ಕಳಪೆ ಬೆರೆಸುವುದು, ಕಸ ಸೇರಿಸುವುದು. ಅದನ್ನು ತಡೆಯಲು 1863ರಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು.

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮುಂಬಯಿಯಲ್ಲಿ ಶೇರು ಪೇಟೆ ಮುಳುಗಿ ದೊಡ್ಡ ದೊಡ್ಡವರು ದಿವಾಳಿಯಾದರು. ಆ ಕಥೆ ಎಲ್ಲರೂ ಹೇಳುತ್ತಾರೆ. ಹಳ್ಳಿಯ ಕಥೆ ಹೇಳುವವರು ಕಡಿಮೆ. ಬೆಲೆ ಮೇಲಿದ್ದಾಗ ರೈತ ಎತ್ತು ಕೊಂಡಿದ್ದ, ಮನೆ ಕಟ್ಟಿಸಿದ್ದ, ಹೊಲ ಹಿಡಿದಿದ್ದ. ಸಾವುಕಾರನೂ ಆ ಬೆಲೆ ನೋಡಿಯೇ ಕೈ ಬಿಚ್ಚಿ ಕೊಟ್ಟಿದ್ದ. ಹತ್ತಿಯ ಬೆಲೆ ಇಳಿಯಿತು, ಕಾಗದದ ಮೇಲಿನ ಸಾಲ ಅಷ್ಟೇ ಉಳಿಯಿತು.

ಆದರೂ ಹತ್ತಿಯನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಎರೆ ಹೊಲಕ್ಕೆ ಬೆಳೆ ತಿರುಗಿಸಬೇಕು, ಒಂದು ವರ್ಷ ಜೋಳ, ಒಂದು ವರ್ಷ ಹತ್ತಿ. ಹತ್ತಿಕಾಳು ಎತ್ತಿಗೆ ಒಳ್ಳೆ ಮೇವು. ರೈತ ದಡ್ಡತನದಿಂದ ಹತ್ತಿ ಬೆಳೆಯಲಿಲ್ಲ. ಕಿಸ್ತು ಕಟ್ಟಲು ರೊಕ್ಕ ಬೇಕಿತ್ತು, ಹೆಚ್ಚು ರೊಕ್ಕ ತರುವ ಬೆಳೆ ಅದಾಗಿತ್ತು. ಒಂದು ವ್ಯತ್ಯಾಸ ಮಾತ್ರ ಇತ್ತು. ಜೋಳಕ್ಕೆ ಬೆಲೆ ಬರದಿದ್ದರೆ ಹಗೇವಿಗೆ ಹಾಕಿ ತಿನ್ನಬಹುದು. ಹತ್ತಿಯನ್ನು ತಿನ್ನಲು ಬರುವುದಿಲ್ಲ.

ಈಗ ಕಾಗದ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲು ಸಾಲದ ಜಗಳ ಊರ ಪಂಚರ ಮುಂದೆ ತೀರುತ್ತಿತ್ತು. ಬಡ್ಡಿ ಎಷ್ಟೇ ಏರಲಿ, ಅಸಲಿನಷ್ಟಕ್ಕೆ ನಿಲ್ಲಬೇಕು ಅನ್ನುವ ಹಳೇ ಕಟ್ಟಳೆ ಇತ್ತು. ದಾಮದುಪ್ಪಟ ಅನ್ನುತ್ತಿದ್ದರು. ನೂರು ಕೊಟ್ಟವನು ಇನ್ನೂರರ ಮೇಲೆ ಕೇಳುವಂತಿಲ್ಲ. ಬ್ರಿಟಿಷ್ ಕೋರ್ಟುಗಳು ಮುಂಬಯಿ ಪ್ರಾಂತ್ಯದಲ್ಲಿ ಇದನ್ನು ಪೂರ್ತಿ ತೆಗೆಯಲಿಲ್ಲ. ಆದರೆ 1855ರಲ್ಲಿ ಬಡ್ಡಿಗೆ ಮಿತಿ ಹಾಕುವ ಕಾನೂನುಗಳನ್ನು ರದ್ದು ಮಾಡಿದರು. 1859ರಲ್ಲಿ ಇನ್ನೊಂದು ಕಾಯ್ದೆ ಬಂತು. ಮಾಮೂಲಿ ಸಾಲಪತ್ರಕ್ಕೆ ಮೂರು ವರ್ಷ ಮುದ್ದತ್ತು, ಅಷ್ಟರೊಳಗೆ ದಾವೆ ಹಾಕದಿದ್ದರೆ ಸಾಲ ಬಿದ್ದುಹೋಯಿತು. ಹಳೇ ಸಾಲ ಕೆದಕಿ ರೈತನನ್ನು ಕಾಡಬಾರದು ಅನ್ನುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದದ್ದೇನು?

ಮೂರು ವರ್ಷ ತುಂಬುವ ಮುಂಚೆ ಸಾವುಕಾರ ರೈತನನ್ನು ಕರೆಸುತ್ತಿದ್ದ. "ಕೋರ್ಟಿಗೆ ಹೋಗಲೋ, ಹೊಸ ಕಾಗದ ಬರೆದುಕೊಡ್ತೀಯೋ?" ಹೊಸ ಕಾಗದದಲ್ಲಿ ಹಳೇ ಅಸಲು ಮತ್ತು ಬಡ್ಡಿ ಕೂಡಿ ಹೊಸ ಅಸಲು. ಲೆಕ್ಕ ಮಾಡಿ ನೋಡೋಣ. ನೂರು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಮೂರು ವರ್ಷಕ್ಕೆ ಬಡ್ಡಿ 72. ಹೊಸ ಕಾಗದ 172ಕ್ಕೆ. ಇನ್ನು ಮೂರು ವರ್ಷಕ್ಕೆ ಅದು ಸುಮಾರು 296. ಮತ್ತೆ ಮೂರು ವರ್ಷಕ್ಕೆ 509. ಒಂಬತ್ತು ವರ್ಷದಲ್ಲಿ ನೂರು ಐನೂರಾಯಿತು. ಒಂದೊಂದು ಕಾಗದ ಬಿಡಿಯಾಗಿ ನೋಡಿದರೆ ದಾಮದುಪ್ಪಟ ಎಲ್ಲೂ ಮೀರಿಲ್ಲ! ಕೋರ್ಟಿನಲ್ಲಿ ಕೇಳುವುದು ಕೊನೇ ಕಾಗದದ ಮಾತು ಮಾತ್ರ. ಹೆಬ್ಬೆಟ್ಟು ನಿನ್ನದೇ ಹೌದೋ ಅಲ್ಲವೋ? ಹೌದು. ಡಿಕ್ರಿ ಆಯಿತು. ಎಷ್ಟೋ ಸಲ ರೈತ ಕೋರ್ಟಿಗೆ ಹೋಗುತ್ತಲೇ ಇರಲಿಲ್ಲ, ಅವನಿಲ್ಲದೆಯೇ ಡಿಕ್ರಿ. ಆಮೇಲೆ ಜಪ್ತಿ, ಲಿಲಾವು (ಹರಾಜು).

ಇದನ್ನು ಯಾರೂ ನೋಡಲಿಲ್ಲ ಅಂತಲ್ಲ. ಸರ್ವೆ ಮಾಡಿದ ವಿಂಗೇಟ್ 1852ರಲ್ಲೇ ಸರ್ಕಾರಕ್ಕೆ ಬರೆದಿದ್ದ, ನಮ್ಮ ಕೋರ್ಟು ಕಾನೂನು ಸಾವುಕಾರನ ಕಡೆಗೆ ವಾಲಿವೆ ಅಂತ. ಭೂಮಿಯನ್ನು ಗಹಾಣ ಇಡಬಹುದಾದ ವಸ್ತುವಾಗಿ ಮಾಡಿದವನೂ ಅವನೇ, ಎಚ್ಚರಿಕೆ ಕೊಟ್ಟವನೂ ಅವನೇ.

ಸಾವುಕಾರ ಹೊಲ ಗೆದ್ದರೂ ಕೂರಿಗೆ ಹಿಡಿಯುತ್ತಿರಲಿಲ್ಲ. ಅದೇ ರೈತನಿಗೆ ಲಾವಣಿಗೆ, ಅಂದರೆ ಗೇಣಿಗೆ, ಬಿಡುತ್ತಿದ್ದ. ಎಷ್ಟೋ ಕಡೆ ಸರ್ಕಾರಿ ಲೆಕ್ಕದಲ್ಲಿ ಹೆಸರು ಕೂಡ ರೈತನದೇ ಇರುತ್ತಿತ್ತು. ಕಂದಾಯಕ್ಕೆ ಅವನು ಹೊಣೆ, ಬೆಳೆಗೆ ಸಾವುಕಾರ ಒಡೆಯ. ನಿಜಕ್ಕೂ ಹೊಲದಲ್ಲಿ ಯಾರಿಗೆ ಏನು ಹಕ್ಕಿದೆ ಅಂತ ದಾಖಲು ಮಾಡುವ ಕಾಯ್ದೆ ಮುಂಬಯಿ ಪ್ರಾಂತ್ಯಕ್ಕೆ ಬಂದದ್ದು 1903ರಲ್ಲಿ. ನಾವು ಉತಾರ ಅನ್ನುವ, ಹೊಲದ ಹಕ್ಕು ತೋರಿಸುವ ಕಾಗದದ ಹಿಂದೆ ಆ ಕಾಯ್ದೆ ಇದೆ.

ನಡುವೆ ಒಬ್ಬ ಹಿರಿಯರು ಚೀಟಿ ಕಳಿಸಿದ್ದಾರೆ. "ಪುಣೆ ಕಡೆ ರೈತರು ದಂಗೆ ಎದ್ದರಲ್ಲ, ನಮ್ಮವರು ಯಾಕೆ ಏಳಲಿಲ್ಲ?" ಒಳ್ಳೆ ಪ್ರಶ್ನೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಸಂತೆಯಲ್ಲಿ ಶುರುವಾಗಿ, ಪುಣೆ ಮತ್ತು ಅಹಮದ್‌ನಗರದ ಎಷ್ಟೋ ಊರುಗಳಲ್ಲಿ ರೈತರು ಸಾವುಕಾರರ ಮನೆಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲದ ಕಾಗದ. ಸಿಕ್ಕಿದ ಕಡೆ ಸುಟ್ಟರು. ಶತ್ರು ಯಾವುದು ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು ಅನ್ನಿ. ಅಲ್ಲಿ ಸಾವುಕಾರರಲ್ಲಿ ಹೊರಗಿನಿಂದ ಬಂದ ಮಾರವಾಡಿಗಳು, ಗುಜರಾತಿಗಳು ಹೆಚ್ಚು. ನಮ್ಮ ಕಡೆ ಸಾವುಕಾರ ಬಹುಪಾಲು ಊರವನೇ. ಒಂದೇ ಮಠಕ್ಕೆ ನಡೆದುಕೊಳ್ಳುವವನು, ಒಂದೇ ತೇರು ಎಳೆಯುವವನು. "ಸಾವುಕಾರ್ರ" ಅಂತ ಬಾಯಿತುಂಬ ಕರೆಯಬೇಕು, ಮಗಳ ಮದುವೆಗೆ ಅವನ ಆಶೀರ್ವಾದ ಬೇಕು. ಇಂಥವನ ಬಾಗಿಲಿಗೆ ಬೆಂಕಿ ಹಚ್ಚುವುದು ಸುಲಭವಲ್ಲ. ಇದು ನನ್ನ ಊಹೆ, ನೀವು ಒಪ್ಪಬೇಕೆಂದಿಲ್ಲ. ಆದರೆ ದಂಗೆ ಏಳದ ನಷ್ಟ ಒಂದು ಕಣ್ಣಿಗೆ ಕಾಣುತ್ತದೆ. 1879ರಲ್ಲಿ ರೈತರ ಸಾಲದ ಪರಿಹಾರಕ್ಕೆ ಕಾಯ್ದೆ ಬಂದಾಗ ಅದು ಪುಣೆ, ಅಹಮದ್‌ನಗರ, ಸೊಲ್ಲಾಪುರ, ಸಾತಾರಾ ಈ ನಾಲ್ಕು ಜಿಲ್ಲೆಗೆ. ಹಳೇ ಕಾಗದದ ಹಿಂದಿನ ಲೆಕ್ಕವನ್ನೆಲ್ಲ ಕೋರ್ಟು ಕೆದಕಿ ನೋಡಬಹುದು ಅಂತ ಅದರಲ್ಲಿತ್ತು. ಧಾರವಾಡಕ್ಕೆ ಆಗ ಅದು ಸಿಗಲಿಲ್ಲ.

ಅಷ್ಟರಲ್ಲಿ ನಮ್ಮಲ್ಲಿ ಬರ ಬಂದು ಹೋಗಿತ್ತು. 1876, ಧಾತು ಸಂವತ್ಸರ. ಮುಂಗಾರಿಯೂ ಹೋಯಿತು, ಹಿಂಗಾರಿಯೂ ಹೋಯಿತು. ದಾತು ಬರ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳಿನ ಲೆಕ್ಕಕ್ಕೆ ಇಳಿಸಿದರು, ಮೇಲೆ ಒಂದಿಷ್ಟು ಚಿಲ್ಲರೆ. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಇಲ್ಲ. ಆ ಹೊತ್ತಿನಲ್ಲೂ ದೇಶದಿಂದ ಧಾನ್ಯ ಹಡಗೇರಿ ಹೊರಗೆ ಹೋಗುತ್ತಿತ್ತು. 1872ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 9 ಲಕ್ಷ 88 ಸಾವಿರ. 1881ರಲ್ಲಿ 8 ಲಕ್ಷ 83 ಸಾವಿರ. ಹೆಚ್ಚಾಗಬೇಕಾದದ್ದು ಲಕ್ಷಕ್ಕೂ ಮೇಲೆ ಕಡಿಮೆಯಾಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ.

ಉಳಿದವರು ಮುಂದಿನ ಮಳೆಗೆ ಬಿತ್ತಲು ಹೋದರೆ ಎತ್ತಿಲ್ಲ. ಬರದಲ್ಲಿ ಮನುಷ್ಯನಿಗಿಂತ ಮೊದಲು ಸಾಯುವುದು ದನ. ಎತ್ತಿಗೆ ಸಾಲ, ಬೀಜಕ್ಕೆ ಸಾಲ. ಬೀಜದ ಕಾಳು ಸವಾಯಿ ಲೆಕ್ಕದಲ್ಲಿ, ನಾಲ್ಕು ಚೀಲ ತಂದರೆ ಸುಗ್ಗಿಗೆ ಐದು ಕೊಡಬೇಕು. ಕೈ ಜಾಸ್ತಿ ಕಟ್ಟಿದವನಿಗೆ ನಾಲ್ಕಕ್ಕೆ ಆರು. ಬೆಳೆ ಬಂತು ಅನ್ನುವಷ್ಟರಲ್ಲಿ 1878-79ರಲ್ಲಿ ಇಲಿಗಳು! ನಗಬೇಡಿ. ಎರೆಯ ಬಿರುಕಿನಿಂದ ಹಿಂಡುಹಿಂಡಾಗಿ ಎದ್ದು ನಿಂತ ಜೋಳವನ್ನು ತಿಂದು ಹಾಕಿದವು. ಸರ್ಕಾರ ಇಲಿ ಕೊಂದವರಿಗೆ ಇನಾಮು ಕೊಡಬೇಕಾಯಿತು. ಹೀಗೆ ಮೂರು ವರ್ಷ ಒಂದರ ಮೇಲೊಂದು ಪೆಟ್ಟು ಬಿದ್ದ ಮೇಲೆ ಹಗೇವಿನಲ್ಲಿ ಏನು ಉಳಿದೀತು?

ರೈಲು 1880ರ ದಶಕದಲ್ಲಿ ಗದಗ, ಹುಬ್ಬಳ್ಳಿಗೆ ಬಂತು. ಬರ ಬಿದ್ದರೆ ಹೊರಗಿನಿಂದ ಕಾಳು ಬರುತ್ತದೆ ಅನ್ನುವ ಧೈರ್ಯ ಬಂತು, ಅದು ಸುಳ್ಳಲ್ಲ. ಕಾಳು ಹೊರಗೆ ಹೋಗುವುದೂ ಅಷ್ಟೇ ಸಲೀಸಾಯಿತು. ಎತ್ತಿನ ಮೇಲೆ ಹೇರು ಹೊತ್ತು ಘಟ್ಟ ಇಳಿಯುತ್ತಿದ್ದ ಲಂಬಾಣಿಗಳ ಕಸುಬು ಮುಗಿಯಿತು. ಅವರದೇ ಒಂದು ಬೇರೆ ಉಪನ್ಯಾಸ ಆಗುತ್ತದೆ.

ಸರ್ಕಾರ 1883 ಮತ್ತು 1884ರ ಕಾಯ್ದೆಗಳಲ್ಲಿ ತಗಾವಿಗೆ, ಅಂದರೆ ಸರ್ಕಾರವೇ ರೈತನಿಗೆ ಕೊಡುವ ಸಾಲಕ್ಕೆ, ದಾರಿ ಮಾಡಿತು. ಬಾವಿಗೆ, ಎತ್ತಿಗೆ, ಬೀಜಕ್ಕೆ ಕಡಿಮೆ ಬಡ್ಡಿ. ಆದರೂ ರೈತ ಸಾವುಕಾರನ ಹತ್ತಿರವೇ ಹೋದ. ಯಾಕೆ? ತಗಾವಿಗೆ ಅರ್ಜಿ, ಪಂಚನಾಮೆ, ತಾಲೂಕಿಗೆ ಓಡಾಟ. ರೊಕ್ಕ ಬರುವ ಹೊತ್ತಿಗೆ ಬಿತ್ತನೆಯ ಹದ ಹೋಗಿರುತ್ತದೆ. ವಸೂಲಿಗೆ ಮಾತ್ರ ತಾರೀಕು ತಪ್ಪುವುದಿಲ್ಲ. ಸಾವುಕಾರ ರಾತ್ರಿ ಬಾಗಿಲು ಬಡಿದರೂ ಕೊಡುತ್ತಾನೆ, ಈ ವರ್ಷ ಆಗಲಿಲ್ಲ ಅಂದರೆ ಕಾಯುತ್ತಾನೆ. ಕಾಯುವುದಕ್ಕೆ ಬಡ್ಡಿ ಹಾಕುತ್ತಾನೆ ಅಷ್ಟೇ. ನಾವು ಕಥೆಗಳಲ್ಲಿ ಸಾವುಕಾರನನ್ನು ಮೀಸೆ ತಿರುವುವ ಖಳ ಮಾಡಿಬಿಟ್ಟಿದ್ದೇವೆ. ಹಳ್ಳಿಯಲ್ಲಿ ಆಗ ಅವನ ಕೆಲಸ ಮಾಡುವವರು ಬೇರೆ ಯಾರೂ ಇರಲಿಲ್ಲ ಅನ್ನುವುದೂ ನಿಜ.

ಆ ಜಾಗಕ್ಕೆ ಇನ್ನೊಬ್ಬರು ಬಂದದ್ದು ಇಲ್ಲಿಂದ ಸ್ವಲ್ಪ ದೂರದ ಕಣಗಿನಹಾಳದಲ್ಲಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದರು. ಆ ಕಾಯ್ದೆಯಡಿ ದೇಶದಲ್ಲಿ ಹುಟ್ಟಿದ ಮೊದಮೊದಲ ಸಂಘಗಳಲ್ಲಿ ಅದೊಂದು. ಹಳ್ಳಿ ಸಂಘದ ನಿಯಮ ಇವತ್ತು ಕೇಳಿದರೆ ಭಯ ಆಗುತ್ತದೆ. ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ಪೂರ್ತಿ ಹೊಣೆ. ಒಬ್ಬ ಮುಳುಗಿಸಿದರೆ ಉಳಿದವರ ಹೊಲಕ್ಕೆ ಬರುತ್ತದೆ. ಹಾಗಾಗಿ ಯಾರಿಗೆ ಕೊಡಬೇಕು, ಯಾಕೆ ಕೊಡಬೇಕು ಅಂತ ಊರೇ ನೋಡುತ್ತಿತ್ತು. ಸಾವುಕಾರನಿಗಿದ್ದ ಬಲ ಅಂದರೆ ಊರಿನ ಒಳಗುಟ್ಟು ಗೊತ್ತಿದ್ದದ್ದು. ಅದೇ ಬಲವನ್ನು ಸಂಘವೂ ಬಳಸಿತು. 1916ರಲ್ಲಿ ಧಾರವಾಡದಲ್ಲಿ ಕೇಂದ್ರ ಸಹಕಾರಿ ಬ್ಯಾಂಕು ಬಂತು. ದಲಾಲರ ಕೈ ತಪ್ಪಿಸಲು ಹುಬ್ಬಳ್ಳಿ, ಗದಗಿನಲ್ಲಿ ಹತ್ತಿ ಮಾರುವ ಸಂಘಗಳೂ ಬಂದವು.

ಸಂಘ ಬಂದ ತಕ್ಷಣ ಸಾಲ ಹೋಯಿತು ಅಂತ ತಿಳಿಯಬೇಡಿ. ಸಂಘದಲ್ಲಿ ಸಾಲ ಸಿಗಲು ಹೊಲ ಬೇಕು, ಜಾಮೀನು ಬೇಕು. ಕೂಲಿಯವನು, ಲಾವಣಿ ಮಾಡುವವನು ಹೊರಗೇ ಉಳಿದ. 1929ರ ನಂತರ ಜಗತ್ತಿನ ಪೇಟೆ ಬಿದ್ದಾಗ ಹತ್ತಿಯ ಬೆಲೆ ಮತ್ತೆ ನೆಲಕಚ್ಚಿತು, 1865ರ ಹಾಗೆಯೇ. ಕಂದಾಯ ಮತ್ತೆ ಇಳಿಯಲಿಲ್ಲ. ಈ ಸಲ ನಮ್ಮವರು ಸುಮ್ಮನಿರಲಿಲ್ಲ. ಹಿರೇಕೆರೂರು ತಾಲೂಕಿನ ರೈತರು, ಸಿದ್ದಾಪುರ ಮತ್ತು ಅಂಕೋಲೆಯವರ ಜೊತೆ, ಕರನಿರಾಕರಣೆಗೆ ಇಳಿದರು. ಹೊಲ, ದನ, ಪಾತ್ರೆಪಗಡ ಜಪ್ತಿಯಾದವು. ಲಿಲಾವಿನಲ್ಲಿ ಕೂಗಲು ಊರವರು ಬರುತ್ತಿರಲಿಲ್ಲ.

ಚೀಟಿ ಕಳಿಸಿದ ಹಿರಿಯರು ಈಗ ನಗುತ್ತಿದ್ದಾರೆ. ಅಂದರೆ ಉತ್ತರ ಸಿಕ್ಕಿತು ಅಂತ ತಿಳಿಯುತ್ತೇನೆ.

ಅಜ್ಜಿಯ ಮನೆಯ ಹಗೇವನ್ನು ಆಮೇಲೆ ಮಾವ ಮಣ್ಣು ತುಂಬಿಸಿ ಮುಚ್ಚಿಸಿದ. ಮುಚ್ಚುವ ಮುಂಚೆ ಕಲ್ಲು ಸರಿಸಿ ದೀಪ ಇಳಿಸಿದರು. ದೀಪ ಆರಲಿಲ್ಲ. ಒಳಗೆ ಇಳಿದ ಆಳು ಒಂದು ಹಿಡಿ ಕಪ್ಪಾದ ಹೊಟ್ಟು ತಂದು ತೋರಿಸಿದ. ಚಪ್ಪಡಿ ಕಲ್ಲು ಈಗ ಬಟ್ಟೆ ಒಗೆಯಲು ಇದೆ. ಹಗೇವು ಇದ್ದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಅದರ ಕಂತು ಇನ್ನೂ ಎರಡು ವರ್ಷ ಇದೆಯಂತೆ.